ನಕ್ಷೆಯಲ್ಲಿ ಸಿಕ್ಕಿಬಿದ್ದ ಸೋದರಮಾವ

ಊರಿಗೆಲ್ಲ ಬುದ್ಧಿ ಹೇಳುವ ಕೆಲಸದಲ್ಲಿ ಒಂದೇ ತೊಂದರೆ. ಕೇಳುವವರು ಒಂದಲ್ಲ ಒಂದು ದಿನ ನಮ್ಮ ಮನೆ ಕಡೆ ತಿರುಗಿ ನೋಡುತ್ತಾರೆ. ನಾನು ಮೈಸೂರಿನ ವೈದ್ಯಕೀಯ ಕಾಲೇಜೊಂದರಲ್ಲಿ ವಂಶವಾಹಿಗಳ ಮೇಷ್ಟ್ರು. ಹಳ್ಳಿ ಹಳ್ಳಿ ಸುತ್ತಿ ರಕ್ತದ ಮಾದರಿ ತರುತ್ತ, "ಸೋದರಮಾವನಿಗೆ ಹೆಣ್ಣು ಕೊಡಬೇಡಿ, ಹುಟ್ಟುವ ಮಕ್ಕಳಿಗೆ ಕೆಲವು ಕಾಯಿಲೆಗಳ ಭಯ ಹೆಚ್ಚು" ಎಂದು ವರ್ಷಗಟ್ಟಲೆ ಗಂಟಲು ಹರಿದುಕೊಂಡವನು. ಒಂಟಿಕೊಪ್ಪಲಿನ ಮನೆಯಲ್ಲಿರುವ ನನ್ನ ಹೆಂಡತಿ ಸುಮಿತ್ರ ನನ್ನ ಸ್ವಂತ ಅಕ್ಕನ ಮಗಳು ಎಂಬುದನ್ನು ಮಾತ್ರ ಯಾವ ಹಳ್ಳಿಯಲ್ಲೂ ಬಾಯಿಬಿಟ್ಟಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಡಿಎನ್‌ಎ ಪರೀಕ್ಷೆಯ ಯಂತ್ರಕ್ಕಾಗಿ ನಾನು ಹಾಕಿದ್ದ ಅರ್ಜಿ ಎರಡು ಸಲ ವಾಪಸ್ಸಾಗಿ, ಮೂರನೆಯ ಸಲ ದೆಹಲಿಯಿಂದ ಮೂವರ ಸಮಿತಿ ಖುದ್ದಾಗಿ ಬಂತು. ಇದೂ ಕೈಕೊಟ್ಟರೆ ಪ್ರಯೋಗಾಲಯಕ್ಕೆ ಬೀಗ ಎಂದು ಪ್ರಿನ್ಸಿಪಾಲರು ಮೊದಲೇ ಹೇಳಿದ್ದರು. ಒಂದು ಹಳ್ಳಿಯ ಕುಟುಂಬದ ವಂಶವೃಕ್ಷವನ್ನು ಗೋಡೆಯ ಮೇಲೆ ತೋರಿಸಿದೆ. ಅಧ್ಯಕ್ಷರು ಕನ್ನಡಕ ಏರಿಸಿ, "ಈತ ಹುಡುಗಿಯ ತಾಯಿಗೆ ತಮ್ಮ. ಅವನನ್ನೇ ಹುಡುಗಿಗೆ ಗಂಡ ಮಾಡಿದ್ದೀರಿ! ನಕ್ಷೆಯೇ ತಪ್ಪು" ಎಂದು ಇಂಗ್ಲಿಷಿನಲ್ಲಿ ಹೇಳಿದರು. ನಮ್ಮ ಕಡೆ ಹೀಗೂ ಉಂಟು ಎಂದರೆ ನಂಬಲೇ ಒಲ್ಲರು. ನನಗೆ ಕಾಲರು ತೊಯ್ಯುವಷ್ಟು ಬೆವರು.

ಕಾಫಿ ತಂದಿದ್ದ ನಮ್ಮ ವಿಭಾಗದ ಆಯಾ ನಂಜಮ್ಮ, "ಏನಂತೆ ಸಾ?" ಎಂದಳು. ಅಕ್ಕನ ಮಗಳನ್ನು ಯಾರಾದರೂ ಮದುವೆಯಾಗುತ್ತಾರೆಯೇ ಎಂದು ಕೇಳುತ್ತಿದ್ದಾರೆ ಎಂದೆ.

"ಅಯ್ಯೋ, ಅದ್ಕ್ಯಾಕೆ ಅಂಗ್ ಬೆವರ್ತೀರಾ? ನೀವೇ ಅಕ್ಕನ ಮಗಳ್ನ ಕಟ್ಕಂಡು ಸುಖವಾಗಿಲ್ವಾ? ಅದ್ನೇ ಯೋಳ್ಬುಡಿ!"

ಆಕೆ ಏನೆಂದಳು ಎಂದು ಅಧ್ಯಕ್ಷರು ಕೇಳಿದರು. ತರ್ಜುಮೆ ಮಾಡಲು ಅಲ್ಲಿದ್ದವನು ನಾನೊಬ್ಬನೇ, ಕರ್ಮ! ಯಂತ್ರವನ್ನು ನೆನೆದು, ಮಾನವನ್ನು ಬದಿಗಿಟ್ಟು ಹೇಳಿಯೇಬಿಟ್ಟೆ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಷ್ಟೆಲ್ಲ ತಿಳಿದೂ ಹೇಗೆ ಮದುವೆಯಾದಿರಿ ಎಂದು ಅಧ್ಯಕ್ಷರು ಕೇಳಿದಾಗ, "ಮದುವೆ ಮೊದಲು ಸಾರ್, ಈ ಓದು ಆಮೇಲೆ" ಎಂದೆ. ಯಂತ್ರ ಮಂಜೂರಾಯಿತು! ನನಗಾದ ಖುಷಿಗೆ ದಾರಿಯಲ್ಲಿ ಸ್ಕೂಟರು ನಿಲ್ಲಿಸಿ ಒಂದು ಕೆಜಿ ಜಿಲೇಬಿ ಕಟ್ಟಿಸಿಕೊಂಡೆ.

ಮನೆಯಲ್ಲಿ ಎಲ್ಲವನ್ನೂ ಹೇಳಿದೆ. ಸುಮಿತ್ರ ಕೈಯಲ್ಲಿದ್ದ ಜಿಲೇಬಿಯನ್ನು ತಟ್ಟೆಗಿಟ್ಟು, "ಅಲ್ಲಾ ರೀ, ಈ ಓದು ಮೊದಲೇ ಓದಿದ್ದಿದ್ರೆ ನನ್ನ ಮದುವೆ ಆಗ್ತಿರ್ಲಿಲ್ವಾ?" ಎಂದಳು.

"ಓದ್ತಾನೇ ಇರ್ಲಿಲ್ಲ ಕಣೆ!" ಎಂದೆ. ನಿಜವಾಗಿಯೂ ಹಾಗೇ ಅನ್ನಿಸಿತ್ತು. ಅವಳ ಮುಖ ಅರಳಿತು.

ಅಡುಗೆಮನೆಯಿಂದ ಅಕ್ಕ ಕೂಗಿದಳು: "ಏನೂ ಓದ್ದೇ ಇದ್ದಿದ್ರೆ ನಾನೆಲ್ಲೋ ನನ್ನ ಮಗಳ್ನ ನಿಂಗೆ ಕೊಡ್ತಿದ್ದೆ?"

ಆ ದನಿ ಅಕ್ಕನದೋ ಅತ್ತೆಯದೋ ತಿಳಿಯದೆ, ಒಂದು ಇಡೀ ಜಿಲೇಬಿಯನ್ನು ಬಾಯಿಗೆ ತುರುಕಿಕೊಂಡೆ.