ಹಿಡಿಯೊಳಗಿನ ಮೂರು ಚುಕ್ಕಿ

ಕೊಣನೂರಿನ ಕಮ್ಮಾರ ಕೆಂಚಾಚಾರಿಯ ಕಷ್ಟಕ್ಕೆಲ್ಲ ಮೂಲ ನಾಲ್ಕೇ ನಾಲ್ಕು ಅಕ್ಷರ. ತಾನು ಮಾಡಿದ ಪ್ರತಿಯೊಂದು ಚಾಕುವಿನ ಮೇಲೂ ಅವನು ‘ಕೊಣನೂರು’ ಎಂದು ಅಚ್ಚು ಹೊಡೆಯುತ್ತಿದ್ದ. ಹೊಡೆಯದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ. ಹೊಡೆದರೆ ಚಾಕು ಖರ್ಚಾಗುತ್ತಿರಲಿಲ್ಲ.

ಸಂತೆಯಲ್ಲಿ ಉಳಿದವರೆಲ್ಲ ಲಂಡನ್ ಚಾಕು, ಜರ್ಮನಿ ಚಾಕು ಎಂದು ಕೂಗಿ ಕೂಗಿ ಮಾರುತ್ತಿದ್ದರು. ಲಂಡನ್ ಯಾವ ದಿಕ್ಕಿಗಿದೆಯಪ್ಪಾ ಎಂದು ಕೇಳಿದರೆ ಪಕ್ಕದ ರಾಮನಾಥಪುರದ ಕಡೆಗೆ ಕೈ ತೋರಿಸುವಂಥ ಜನ. ಆದರೂ ಅವರ ಮುಂದೆಯೇ ಗುಂಪು.

“ಉಟ್ಟಿದೂರಿನ ಎಸ್ರು ಯೋಳಕ್ಕೆ ನಾಚ್ಕೊಳೋ ಚಾಕು ನನ್ ಕುಲ್ಮೇಲಿ ಉಟ್ಟಾಕಿಲ್ಲ ಕಣೆ,” ಎಂದು ಕೆಂಚಾಚಾರಿ ಎದೆ ಸೆಟೆಸುತ್ತಿದ್ದ.

“ಉಟ್ಟವೆಲ್ಲ ಮನೇಲೇ ಮುದುಕ್ರಾಯ್ತಾ ಅವಲ್ಲ, ಅದ್ಕೇನಂದೀಯೆ?” ಎಂದು ಹೆಂಡತಿ ನಂಜಮ್ಮ ತಿದಿ ಒತ್ತುತ್ತಲೇ ಕೇಳುತ್ತಿದ್ದಳು.

ಆ ಸಂತೆಯ ದಿನ ಮಾತ್ರ ಸಂಗತಿ ಬೇರೆಯಾಗಿತ್ತು. ಹೊಗೆಸೊಪ್ಪು ಬೆಳೆಗಾರರ ಸಂಘದವರು ಹೋಬಳಿಯ ಮೆಂಬರುಗಳಿಗೆಲ್ಲ ಸೊಪ್ಪು ಕೊಯ್ಯುವ ಚಾಕು ಹಂಚುವುದಾಗಿ ತೀರ್ಮಾನಿಸಿದ್ದರು. ಯಾರ ಚಾಕು ಎಂಬುದನ್ನು ಅಧ್ಯಕ್ಷ ಚನ್ನಪ್ಪನವರು ಸಂತೆಯಲ್ಲೇ ನೋಡಿ ಹೇಳುವವರಿದ್ದರು. ಆ ಕೆಲಸ ಸಿಕ್ಕಿದರೆ ವರ್ಷವಿಡೀ ಕುಲುಮೆ ಆರುವುದಿಲ್ಲ. ಸಿಗದಿದ್ದರೆ ಕುಲುಮೆಗೆ ನೀರು ಸುರಿದು ಹಾಸನಕ್ಕೆ ಹೋಗಿ, ಯಾವುದಾದರೂ ಬಸ್ಸಿನ ಷೆಡ್ಡಿನಲ್ಲಿ ಸ್ಪ್ರಿಂಗ್ ಪಟ್ಟಿ ಬಡಿಯಬೇಕು. ತಾತ ಕಬ್ಬಿಣ ಬಡಿದ ಅಡಿಗಲ್ಲನ್ನು ಬಿಟ್ಟು ಹೋಗಲು ಕೆಂಚಾಚಾರಿಗೆ ಮನಸ್ಸಿರಲಿಲ್ಲ.

“ಇವತ್ತೊಂದಿನ ಆ ಅಕ್ಸರದ ಮ್ಯಾಲೆ ವಸಿ ಮಸಿ ಬಳ್ದು ಮಡುಗು ಕಣ್ಲಾ,” ಎಂದಳು ಪಕ್ಕದಲ್ಲಿ ಸೊಪ್ಪು ಮಾರುತ್ತಿದ್ದ ಮುದುಕಿ ಮಾದಮ್ಮ. “ಕೇಳಿದ್ರೆ ಬೊಂಬಾಯಿ ಅನ್ನು. ಬೊಂಬಾಯ್ಗೋಗಿ ನೋಡ್ಕಂಡ್ ಬರೋರು ಯಾರವ್ರೆ?”

“ಸುಮ್ಕಿರಜ್ಜಿ. ನನ್ ಚಾಕು ಮೇಲೆ ನಂಗೆ ನಂಬ್ಕೆ ಐತೆ.”

ಬಿಸಿಲೇರುವ ಹೊತ್ತಿಗೆ ಚನ್ನಪ್ಪನವರು ಬಂದರು. ಜೊತೆಗೆ ಸಂಘದ ಮೆಂಬರು ಲಕ್ಕಯ್ಯ. ಲಕ್ಕಯ್ಯನಿಗೆ ತಿಳಿಯದ ವಿಷಯ ಈ ಲೋಕದಲ್ಲಿ ಇರಲಿಲ್ಲ. ಹಾಗೆಂದು ಅವನೇ ಹೇಳುತ್ತಿದ್ದ. ಚನ್ನಪ್ಪನವರು ಕೋಟಿನ ಜೇಬಿನಿಂದ ರೇಷ್ಮೆ ಕರವಸ್ತ್ರ ತೆಗೆದು, ಎಳೆಮಗುವಿನ ಬಟ್ಟೆ ಬಿಚ್ಚುವಂತೆ ಮೆಲ್ಲಗೆ ಬಿಚ್ಚಿದರು. ಒಳಗೆ ಒಂದು ಚಾಕು. ಅದರ ಮೇಲೆ ಇಂಗ್ಲಿಷಿನಲ್ಲಿ ‘ಜರ್ಮನಿ’ ಎಂದು ಕೊರೆದಿತ್ತು.

“ಹಾಸನದಲ್ಲಿ ಬಸವರಾಜು ಅಂಗ್ಡೀಲಿ ತಗೊಂಡಿದ್ದು,” ಎಂದರು. “ಚಾಕು ಅಂದ್ರೆ ಇದು ಕಣಯ್ಯ. ನಿಂದು ಇದಕ್ಕೆ ಸರಿಸಾಟಿ ಆದ್ರೆ ಮಾತಾಡಣ.”

ಪರೀಕ್ಷೆ ಶುರುವಾಯಿತು. ಎರಡೂ ಚಾಕು ಹೊಗೆಸೊಪ್ಪಿನ ದಂಟನ್ನು ಒಂದೇ ಏಟಿಗೆ ಕತ್ತರಿಸಿದವು. ಎರಡೂ ಲಕ್ಕಯ್ಯನ ಮುಂಗೈ ಕೂದಲನ್ನು ನುಣ್ಣಗೆ ಬೋಳಿಸಿದವು. ಸುತ್ತ ಜನ ಸೇರಿದರು.

“ವ್ಯತ್ಯಾಸ ಐತೆ,” ಎಂದ ಲಕ್ಕಯ್ಯ. “ಜರ್ಮನಿದು ಕುಯ್ದ್ರೆ ಸುಂಯ್ ಅಂತದೆ. ಕೊಣನೂರ್ದು ಕಚ್ ಅಂತದೆ. ಕಿವಿ ಇದ್ದೋರ್ಗೆ ಗೊತ್ತಾಯ್ತದೆ.”

ಕೆಂಚಾಚಾರಿ ಹೆಗಲ ಮೇಲಿನ ಟವಲನ್ನು ತೆಗೆದು ಲಕ್ಕಯ್ಯನ ಕಣ್ಣಿಗೆ ಬಿಗಿದು, ತನ್ನ ಚಾಕುವನ್ನೇ ಅವನ ಕೈಗಿತ್ತ. ಲಕ್ಕಯ್ಯ ದಂಟು ಕತ್ತರಿಸಿದವನೇ ತಲೆದೂಗಿದ. “ಆಹಾ! ಕೇಳುದ್ರಾ ಸುಂಯ್ ಅಂದಿದ್ದ? ಇದು ಜರ್ಮನಿ!”

ಟವಲು ಬಿಚ್ಚಿದಾಗ ಕೈಯಲ್ಲಿದ್ದದ್ದು ಕೊಣನೂರು. ಜನ ಹೋ ಎಂದು ನಕ್ಕರು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಂದಲೇ ಊರು ಬಿಡುತ್ತಿದ್ದರೇನೋ. ಲಕ್ಕಯ್ಯ ಕಣ್ಣು ಮಿಟುಕಿಸಲಿಲ್ಲ.

“ಇಷ್ಟೊತ್ತು ಜರ್ಮನಿ ಪಕ್ದಲ್ಲಿತ್ತಲ್ಲ, ಅದ್ಕೇ ಇದ್ಕೂ ವಸಿ ಗುಣ ಬಂದೈತೆ,” ಎಂದ. ಎಷ್ಟೋ ಜನ ಹೌದು ಹೌದೆಂದು ಗೋಣಾಡಿಸಿದರು.

ಕೆಂಚಾಚಾರಿಗೆ ಮೈ ಉರಿಯಿತು. ಅಂಥ ಘನಂದಾರಿ ಏನಿದೆ ಇದರಲ್ಲಿ ಎಂದು ಜರ್ಮನಿ ಚಾಕುವನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ. ಚಾಕುವಿನ ಬೆನ್ನಿನ ಮೇಲೆ ಅಕ್ಕಿಕಾಳಿನಷ್ಟು ಒಂದು ಗುಳಿ ಕಾಣಿಸಿತು. ಅವನ ತಾತನ ಅಡಿಗಲ್ಲಿನ ಒಂದು ಮೂಲೆ ಮುಕ್ಕಾಗಿ ಮೊನೆ ಎದ್ದಿತ್ತು. ಅದರ ಮೇಲೆ ಬಡಿದ ಚಾಕುಗಳಿಗೆಲ್ಲ ಆ ಗುಳಿ ಹುಟ್ಟುಮಚ್ಚೆ.

“ಇದು ನಂದು! ನಾನೇ ಮಾಡಿದ್ದು!”

“ಈಗ ಜರ್ಮನೀನೂ ನಂದೇ ಅಂತಾವ್ನೆ,” ಎಂದ ಲಕ್ಕಯ್ಯ. “ನಾಳಿಕ್ಕೆ ಗೊರೂರು ಒಳೇನೂ ನಂದೇ ಅಂದಾನು.”

ಕೆಂಚಾಚಾರಿಗೆ ಈಗ ಎಲ್ಲ ಹೊಳೆಯಿತು. ಹಾಸನದ ಬಸವರಾಜು ಆಗಾಗ ಅವನಿಂದ ಚಾಕು ತರಿಸಿಕೊಳ್ಳುತ್ತಿದ್ದ. ‘ಹೆಸರು ಹೊಡೀಬೇಡಿ ಆಚಾರ್ರೇ, ಜಾಗ ಖಾಲಿ ಬಿಡಿ. ಪಾತ್ರೆ ತಗೊಂಡೋರು ತಮ್ಮ ಹೆಸರು ಕೆತ್ತಿಸಿಕೊಳ್ಳಲ್ವೆ, ಹಂಗೆ ಚಾಕು ತಗೊಂಡೋರೂ ಕೆತ್ತಿಸ್ಕೋತಾರೆ’ ಎಂದಿದ್ದ. ಮದುವೆಯ ಚೊಂಬಿನ ಮೇಲೂ ಹೆಸರು ಕೆತ್ತಿಸುವ ಸೀಮೆಯವನಾದ ಕೆಂಚಾಚಾರಿ ಅದನ್ನು ನಂಬದೆ ಇರುವುದಾದರೂ ಹೇಗೆ? ಚಾಕು ಕೊಳ್ಳುವವರ ಹೆಸರೆಲ್ಲ ಜರ್ಮನಿ ಎಂದೇ ಇರುತ್ತದೆಂದು ಅವನಿಗೇನು ಗೊತ್ತು!

“ಸಾ, ಇದರ ಇಡಿ ಬಿಚ್ತೀನಿ,” ಎಂದ. “ಒಳಗೆ ಮೂರು ಚುಕ್ಕಿ ಇರ್ತದೆ. ರಿಪೇರಿಗೆ ಬಂದಾಗ ಗುರ್ತು ಸಿಗ್ಲಿ ಅಂತ ನಮ್ ತಾತನ ಕಾಲ್ದಿಂದ ಒಡೀತೀವಿ. ಚುಕ್ಕಿ ಇಲ್ದಿದ್ರೆ ಇವತ್ತೇ ಕುಲ್ಮೆ ಮುಚ್ಚಿ ಊರ್ ಬುಟ್ ಓಯ್ತೀನಿ.”

“ಏಯ್, ಮುಟ್ಟಬೇಡ ಅದನ್ನ!” ಎಂದು ಚನ್ನಪ್ಪನವರು ಕೂಗುವಷ್ಟರಲ್ಲಿ ಸುತ್ತಿಗೆ ಬಿದ್ದಾಗಿತ್ತು. ಹಿಡಿ ಎರಡು ಹೋಳಾಯಿತು. ಒಳಗಿನ ಕಬ್ಬಿಣದ ಮೇಲೆ ಒಂದರ ಪಕ್ಕ ಒಂದರಂತೆ ಮೂರು ಚುಕ್ಕಿ ಸಾಲಾಗಿ ಕೂತಿದ್ದವು. ತನ್ನ ಪಕ್ಕದಲ್ಲಿದ್ದ ಇನ್ನೊಂದು ಚಾಕುವಿನ ಹಿಡಿಯನ್ನೂ ಒಡೆದು ತೋರಿಸಿದ. ಅಲ್ಲೂ ಅವೇ ಮೂರು.

ಕೆಂಚಾಚಾರಿ ನಗುತ್ತ ಎರಡನ್ನೂ ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. ಮೊದಲು ಬಾಯಿ ಬಿಟ್ಟವಳು ಮಾದಮ್ಮ.

“ಅಯ್ಯೋ ಶಿವ್ನೆ! ಜರ್ಮನಿ ಚಾಕು ಮಾಡಾನು ನಮ್ಮೂರಲ್ಲೇ ಅವ್ನೆ!”

ಜನ ಚಪ್ಪಾಳೆ ತಟ್ಟಿದರು. ಲಕ್ಕಯ್ಯ ತನಗೆ ಮೊದಲೇ ಅನುಮಾನವಿತ್ತೆಂದ. ಚನ್ನಪ್ಪನವರು ಕೂಡ ಕೋಪ ಮರೆತು ಕೆಂಚಾಚಾರಿಯ ಬೆನ್ನು ತಟ್ಟಿದರು.

“ಭೇಷ್! ಸಂಘದ ಕೆಲಸ ಪೂರ್ತಿ ನಿಂಗೇ. ಒಂದೇ ಒಂದು ಮಾತು. ಎಲ್ಲದರ ಮೇಲೂ ಜರ್ಮನಿ ಅಂತ ಇರ್ಬೇಕು.”

ಕೆಂಚಾಚಾರಿಯ ನಗು ಅಲ್ಲೇ ನಿಂತಿತು. “ಸಾ, ಈಗ್ತಾನೆ ಕಣ್ಣಾರೆ ನೋಡುದ್ರಲ್ಲ, ಇದು ಕೊಣನೂರ್ದು.”

“ನಂಗೊತ್ತಯ್ಯ. ಕೊಣನೂರು ಅಂತ ಹಾಕಿ ಕೊಟ್ರೆ ಮೆಂಬರುಗಳು ಏನಂತಾರೆ? ಊರೂರ್ಗೂ ಆಚಾರಿ ಅವ್ನೆ, ಇದಕ್ಕೊಂದು ಸಂಘ ಯಾಕೆ ಅಂತಾರೆ. ಮರ್ಯಾದೆ ಪ್ರಶ್ನೆ.”

“ಸುಳ್ಳು ಒಡೆಯಾಕಿಲ್ಲ ಸಾ ನಾನು.”

“ಹಂಗಾದ್ರೆ ಬಸವರಾಜು ಹತ್ರಾನೇ ತಗೋತೀವಿ. ಮಧ್ಯಾಹ್ನದ ಬಸ್ಸಿಗೆ ಹೊರಟೆ. ಒಡೆದು ಹಾಕಿದೀಯಲ್ಲ, ಅದಕ್ಕೆ ಹೊಸ ಹಿಡಿ ಹಾಕಿಡು. ಜರ್ಮನಿ ಅನ್ನೋ ಅಕ್ಷರ ಸವೀದಂಗೆ ನೋಡ್ಕೊ, ಮತ್ತೆ.”

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಮದ್ದು ಎಂದು ರುಜುವಾತು ಮಾಡಿ ತೋರಿಸಿದರೂ ಅದನ್ನು ಹಾಸನದಿಂದಲೇ ತರಿಸಬೇಕು. ಜನ ಚದುರಿದರು. ಹೋಗುವಾಗ ನಾಲ್ಕಾರು ಮಂದಿ ಗುಟ್ಟಾಗಿ ಬಂದು, ‘ನಂಗೊಂದು ಜರ್ಮನಿ ಮಾಡ್ಕೊಡು’ ಎಂದು ಕಿವಿಯಲ್ಲಿ ಹೇಳಿದರು. ಕೊಣನೂರಿನ ಒಂದು ಚಾಕೂ ಅಲುಗಲಿಲ್ಲ.

ಸಂಜೆ ಗಂಡ ಹೆಂಡಿರು ಕುಲುಮೆಯ ಮುಂದೆ ಕೂತಿದ್ದಾಗ ಹಾಸನದ ಬಸ್ಸು ಬಂದು ನಿಂತಿತು. ಕಂಡಕ್ಟರ್ ಬೋರಪ್ಪ ಇಳಿದು ಬಂದ. ಊರೂರಿನ ಸುದ್ದಿ ಸಮಾಚಾರ ಟಿಕೇಟಿಲ್ಲದೆ ತರುವವನು ಅವನೇ.

“ಆಚಾರ್ರೇ, ಬಸವರಾಜು ಯೋಳ್ಕಳ್ಸವ್ರೆ. ದೊಡ್ ಆರ್ಡರ್ ಬಂದದಂತೆ, ನಾಳೆಯಿಂದ್ಲೇ ಸುರು ಮಾಡ್ಬೇಕಂತೆ. ಎಸ್ರು ಒಡೀಬ್ಯಾಡಿ, ಜಾಗ ಖಾಲಿ ಬುಡಿ ಅಂದ್ರು.”

“ಯಾರ್ದು ಆರ್ಡರು?”

“ನಿಮ್ಮೂರ್ ಸಂಘದ್ದೇಯ. ಚನ್ನಪ್ಪೋರು ನಮ್ ಬಸ್ನಲ್ಲೇ ಓಗಿ ಕೊಟ್ಬುಟ್ ಬಂದವ್ರೆ.”

ಕೆಂಚಾಚಾರಿ ದಿಗ್ಗನೆದ್ದು ನಿಂತ. “ಯೋಳು ಓಗು ಅವ್ನಿಗೆ! ಕೊಣನೂರು ಅಂತ ಒಡ್ದೇ ಕಳ್ಸದು. ಅದೂ ಆಳವಾಗಿ ಒಡೀತೀನಿ. ಬೇಕಾದ್ರೆ ತಕ್ಕಳ್ಲಿ, ಬ್ಯಾಡ್ದಿದ್ರೆ ಬುಡ್ಲಿ!”

ನಂಜಮ್ಮ ಕಣ್ಣಗಲಿಸಿ ಗಂಡನನ್ನೇ ನೋಡಿದಳು. ಬೋರಪ್ಪ ಹಲ್ಲು ಕಿರಿದ.

“ಅದ್ನೂ ಯೋಳವ್ರೆ ಆಚಾರ್ರೇ. ಅವ್ರು ಅಟ ಇಡುದ್ರೆ ಒಡ್ಕೊಳ್ಲಿ ಬುಡು, ನಮ್ತಾವ ಸಾಣೆಕಲ್ಲು ಐತೆ, ಉಜ್ಜಾಕ್ತೀವಿ ಅಂದ್ರು.”

ಬಸ್ಸು ಹೊರಟುಹೋಯಿತು. ನಂಜಮ್ಮ ಎದ್ದು ತಿದಿ ಒತ್ತಲು ಕೂತಳು. ಕೆಂಚಾಚಾರಿ ಚನ್ನಪ್ಪನವರ ಚಾಕುವನ್ನು ಎತ್ತಿಕೊಂಡ. ಹೊಸ ಹಿಡಿ ಕೂರಿಸುವಾಗ ಸುತ್ತಿಗೆ ತಾಗಿ ಕೆಡದಿರಲೆಂದು ‘ಜರ್ಮನಿ’ಯ ಮೇಲೆ ಒಂದು ಒದ್ದೆ ಬಟ್ಟೆ ಸುತ್ತಿದ.