ವೇಷವೇ ಬಂದು ಎಬ್ಬಿಸಿದ ನಾಟಕ

ನನ್ನ ಮೊಮ್ಮಗಳು ನಿನ್ನೆ ಸಂಜೆ ಕುಂದಾಪುರದಲ್ಲಿ ಮುದುಕಿಯಾದಳು. ಕಾಲೇಜಿಗೆ ಹೋಗುವ ಹುಡುಗಿ ಮುದುಕಿಯಾದರೆ ಅಜ್ಜ ಕುಣಿಯುವುದೇಕೆ ಎಂದು ನೀವು ಕೇಳಬಹುದು. ಅವಳು ಮುದುಕಿಯಾದದ್ದು ನಾಟಕದಲ್ಲಿ, ಅದೂ ಮೊದಲ ಸಲ, ಟಿಕೆಟ್ಟು ಕೊಂಡು ಬಂದ ಜನರ ಎದುರು. ನಾನು ನಾಲ್ಕನೇ ಕ್ಲಾಸಿನಿಂದ ನೇರವಾಗಿ ದೋಣಿ ಹತ್ತಿದವನು. ಬರೆಯಲು ಕೂತರೆ ಸಾಲುಗಳು ಅಲೆಯ ಹಾಗೆ ಏರಿಳಿಯುತ್ತವೆ. ಆದರೂ ಇವತ್ತು ಬರೆಯದಿದ್ದರೆ ಹೊಟ್ಟೆ ಒಡೆದೀತು. ಹಾಲಿನವನಿಗೆ, ಕ್ಷೌರದವನಿಗೆ, ಬೈಂದೂರು ಬಸ್ಸಿನ ಕಂಡಕ್ಟರನಿಗೆ ಆಗಲೇ ಹೇಳಿ ಮುಗಿದಿದೆ. ಕೇಳದೆ ಉಳಿದವರು ನೀವು ಮಾತ್ರ.

ಆ ನಾಟಕದ ಮನೆಯನ್ನು ನೋಡಬೇಕು ನೀವು. ಪೇಟೆಯ ಒಂದು ಅಂಗಡಿಯ ಮಹಡಿ. ಹಿಂದೆ ಅಲ್ಲಿ ಬಲೆ, ಹಗ್ಗ ತುಂಬಿಡುತ್ತಿದ್ದರು. ಈಗ ಗೋಡೆಗೆ ಕಪ್ಪು ಬಣ್ಣ ಬಳಿದು ನಾಲ್ಕಾರು ಲೈಟು ಕಟ್ಟಿದ್ದಾರೆ. ಸರ್ಕಾರದ್ದೂ ಅಲ್ಲ, ಯಾವ ಧಣಿಯದ್ದೂ ಅಲ್ಲ; ನಾಟಕದ ಹುಚ್ಚಿರುವ ಒಂದಿಷ್ಟು ಹುಡುಗ ಹುಡುಗಿಯರು ಸೇರಿ ನಡೆಸುವುದು. ಬಾಗಿಲಲ್ಲಿ ನಮ್ಮ ಚಪ್ಪಲಿ ಜೋಡಿಸಿಟ್ಟವನೇ ಆಮೇಲೆ ಪೊಲೀಸಾಗಿ ಬಂದು ಗದರಿಸಿದ. ಯಕ್ಷಗಾನದ ಬಯಲಿನಲ್ಲಿ ದೂರ ಕೂತರೆ ವೇಷ, ಅಂದರೆ ಪಾತ್ರಧಾರಿ, ಹೆಬ್ಬೆರಳಿನಷ್ಟು ಕಾಣುತ್ತದೆ. ಇಲ್ಲಿ ಸೀರೆಗೆ ಚುಚ್ಚಿದ ಪಿನ್ನು ಕೂಡ ಕಾಣುತ್ತದೆ. ನನಗೆ ಕೂತಲ್ಲೇ ಪ್ರೀತಿ ಹುಟ್ಟಿತು.

ಹೊರಡುವ ಮುಂಚೆ ಮೊಮ್ಮಗಳು ನನ್ನನ್ನು ಹಿಡಿದು ನಿಲ್ಲಿಸಿ, "ಅಜ್ಜಯ್ಯ, ನಂಗೆ ಇಪ್ಪುದೇ ಒಂದ್ ಪ್ರವೇಶ. ಇದ್ ಹಾಳಾರೆ ಇನ್ನೊಂದ್ ನಾಟ್ಕಕ್ಕೆ ನನ್ನ ಕರೂದಿಲ್ಲ. ನೀವ್ ಕಣ್ ತುಂಬ ಕಾಣ್ಕ್" ಎಂದಿದ್ದಳು. "ಕಣ್ ಮುಚ್ಚುದೇ ಇಲ್ಲ ಹೆಣ್ಣೇ" ಎಂದು ನಾನು ಮಾತು ಕೊಟ್ಟಿದ್ದೆ.

ಆದರೆ ಆ ನಾಟಕದ ಹುಡುಗರು ಒಂದು ತಪ್ಪು ಮಾಡಿದ್ದರು. ಮಗ ಸೊಸೆ ಹಿಂದೆ ಕುರ್ಚಿಯಲ್ಲಿ ಕೂತರೆ, ಮುಂದಿನ ಸಾಲಿನವರಿಗೆ ಚಾಪೆ ಹಾಸಿದ್ದರು. ಬಯಲಾಟ ನೋಡಿ ಬೆಳೆದವನ ಮುಂದೆ ಚಾಪೆ ಹಾಸಿದರೆ ಅದಕ್ಕೆ ಅರ್ಥ ಒಂದೇ. ನಮ್ಮಲ್ಲಿ ಬೇಕಾದ ವೇಷ ಬರುವವರೆಗೆ ಒಂದು ನಿದ್ದೆ ತೆಗೆಯುತ್ತಾರೆ. ಬಂದಾಗ ಪಕ್ಕದವರು ಎಬ್ಬಿಸುತ್ತಾರೆ. ಅದು ಕ್ರಮ. ನಾನೂ ಪಕ್ಕದಲ್ಲಿದ್ದ ಕನ್ನಡಕದ ಯುವಕನಿಗೆ, "ನನ್ನ ಮೊಮ್ಮಗಳ ವೇಷ ಬಂದಾಗ ಒಂಚೂರು ಎಬ್ಸಿ ಮಾರಾಯ್ರೆ" ಎಂದು ಹೇಳಿ ಟವೆಲ್ಲು ಸುತ್ತಿ ತಲೆಗಿಟ್ಟುಕೊಂಡೆ. ಪಾಪ, ಅವನು ಒಳ್ಳೆಯವನೇ. ಯಾವುದಾದರೂ ಹುಡುಗಿ ಬರುತ್ತಾಳೆಂದು ಕಾಯುತ್ತಲೇ ಇದ್ದನಂತೆ. ಬಂದದ್ದು ಕೋಲೂರಿಕೊಂಡ ಮುದುಕಿ.

ಬಯಲಿನಲ್ಲಿ ಚೆಂಡೆಯ ಸದ್ದಿಗೆ ಗೊರಕೆ ಯಾರಿಗೂ ಕೇಳುವುದಿಲ್ಲ. ಇಲ್ಲಿ ಸದ್ದಾಗುತ್ತದೆಂದು ಫ್ಯಾನನ್ನೇ ಆರಿಸಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಕಂಡವರನ್ನೆಲ್ಲ ಬೈಯುವ ಮುದುಕಿಯ ಪಾತ್ರ ಮೊಮ್ಮಗಳದು. ಅವಳು ಬಾಯಿ ತೆರೆದಾಗಲೆಲ್ಲ ನನ್ನ ಗೊರಕೆ ಉತ್ತರ ಕೊಡುತ್ತಿತ್ತು. ಮಗ ಹಿಂದಿನಿಂದ ಟಿಕೆಟ್ಟು ಮುದ್ದೆ ಮಾಡಿ ಎಸೆದನಂತೆ. ಅದು ಕನ್ನಡಕದವನಿಗೆ ತಾಗಿತಂತೆ. ಜನ ಮುದುಕಿಯನ್ನು ಬಿಟ್ಟು ನನ್ನನ್ನೇ ನೋಡತೊಡಗಿದರಂತೆ. ಹುಡುಗಿಯ ಇದ್ದೊಂದು ಪ್ರವೇಶವೂ ನನ್ನ ಮೂಗಿನಲ್ಲಿ ಕೊಚ್ಚಿಹೋಗುತ್ತಿತ್ತು.

ಆಗ ನನಗೆ ನನ್ನ ಹೆಂಡತಿಯ ದನಿ ಕೇಳಿತು. ಮಂಡಿನೋವಿಗೆ ಮೆಟ್ಟಿಲು ಹತ್ತಲಾರೆನೆಂದು ಮನೆಯಲ್ಲೇ ಉಳಿದವಳು ಅವಳು. ಪಕ್ಕೆಗೆ ಕೋಲಿನ ತುದಿಯೂ ತಾಗಿತು.

"ಹ್ವಾಯ್, ಎದ್ಕಣಿ. ಹೊತ್ತ್ ಎಷ್ಟಾಯ್ತ್ ಅಂದ್ ಗೊತ್ತಿತ್ತಾ?"

"ಎದ್ದೆ ಮಾರಾಯ್ತಿ, ಚಾ ಇಡ್" ಎಂದೆ, ದಿನಾ ಅನ್ನುವ ಹಾಗೆ.

"ಚಾಪುಡಿ ಖಾಲಿ. ನಿಮ್ಮ ನಿದ್ರಿಯನ್ನೇ ಕುದ್ಸಿ ಕೊಡ್ಲಾ?"

ಜನ ಬಿದ್ದು ಬಿದ್ದು ನಕ್ಕರು. ಕಣ್ಣು ಬಿಟ್ಟರೆ ಎದುರಿಗೆ ಕೋಲು ಹಿಡಿದ ಮೊಮ್ಮಗಳು, ಬಾಯಲ್ಲಿ ಅಜ್ಜಿಯ ದನಿ. ಆಮೇಲೆ ಅವಳು ಬಸ್ಸನ್ನು ಬೈದಳು, ಮಳೆಯನ್ನು ಬೈದಳು, ಪೊಲೀಸನನ್ನು ಬೈದಳು. ನಾನು ಕಣ್ಣು ಮಿಟುಕಿಸದೆ ನೋಡಿದೆ. ಮುಗಿದ ಮೇಲೆ ನಾಟಕ ಆಡಿಸುವವರು ಬಂದು, ಮುಂದಿನ ನಾಟಕದಲ್ಲಿ ಅವಳಿಗೆ ದೊಡ್ಡ ಪಾತ್ರವೆಂದರು. ಯಾವ ದೊಡ್ಡ ಥಿಯೇಟರಿನಲ್ಲಿ ವೇಷವೇ ಇಳಿದು ಬಂದು ನಿಮ್ಮನ್ನು ಎಬ್ಬಿಸುತ್ತದೆ, ಹೇಳಿ.

ಮನೆಗೆ ಬಂದು ಎಲ್ಲರೂ ಒಟ್ಟಿಗೆ ಉಣ್ಣಲು ಕೂತೆವು. ಹೆಂಡತಿ ಬಂಗುಡೆ ಮೀನಿನ ಸಾರು ಮಾಡಿದ್ದಳು. "ಎಂತ ಮಾಡ್ದೆ, ನಂಗೂ ಒಂಚೂರ್ ಮಾಡಿ ತೋರ್ಸ್" ಎಂದಳು. ಮೊಮ್ಮಗಳು ತುತ್ತು ನುಂಗಿ, ಕೂತಲ್ಲೇ ಬೈದು ತೋರಿಸಿದಳು. ಹೆಂಡತಿ ಸೌಟು ಹಿಡಿದುಕೊಂಡೇ ಕೇಳಿ, ನಿಧಾನವಾಗಿ ಅಂದಳು: "ಅದ್ಯಾರ ದನಿ? ನಾ ಹಿಂಗೆ ಮಾತಾಡ್ತ್ನಾ?"

ಮಗ, ಸೊಸೆ ಇಬ್ಬರೂ ತಲೆ ತಗ್ಗಿಸಿ ಮೀನಿನ ಮುಳ್ಳು ಹುಡುಕತೊಡಗಿದರು.

"ಹ್ವಾಯ್, ನೀವ್ ಹೇಳಿ ಕಾಂಬ" ಎಂದು ಅವಳು ನನ್ನ ಕಡೆ ತಿರುಗಿದಳು.

ನನಗೆ ಬೇರೆ ದಾರಿ ಕಾಣಲಿಲ್ಲ. ಗಂಟಲಿಗೆ ಮುಳ್ಳು ಸಿಕ್ಕಿದವನ ಹಾಗೆ ಜೋರಾಗಿ ಕೆಮ್ಮಿದೆ. ಅವಳು ಗಾಬರಿಯಾಗಿ, ನುಂಗಿ ನುಂಗಿ ಎಂದು ನನ್ನ ಬಟ್ಟಲಿಗೆ ಇನ್ನೊಂದು ಸೌಟು ಅನ್ನ ಹಾಕಿದಳು. ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಮೊಮ್ಮಗಳು ಬಾಗಿ, ನಾಟಕ ಆಡಿಸುವವರ ಹಾಗೆ ನನ್ನ ಕಿವಿಯಲ್ಲಿ ಹೇಳಿದಳು: "ಅಜ್ಜಯ್ಯ, ಕೆಮ್ಮು ಅಡ್ಡಿಲ್ಲ. ಕಣ್ಣಗೆ ಸ್ವಲ್ಪ ನೀರ್ ಬರ್ಬೇಕಿತ್ತ್."