ನಮ್ಮ ಭಾವನ ಮುಖ ಕಂಡ ಮಕ್ಕಳು

ನಮ್ಮ ಭಾವ ಒಳ್ಳೆಯ ಮನುಷ್ಯ. ಆದರೆ ಆ ಮುಖ ಅವರದಲ್ಲ ಎಂದು ನನಗೆ ಬಲವಾದ ಗುಮಾನಿ. ದೇವರು ಯಾವನೋ ಪೈಲ್ವಾನನಿಗೆಂದು ಮಾಡಿಟ್ಟಿದ್ದನ್ನು ಗಡಿಬಿಡಿಯಲ್ಲಿ ಇವರಿಗೆ ಅಂಟಿಸಿ ಕಳಿಸಿದ್ದಾನೆ. ಎರಡು ಹುಬ್ಬೂ ಕೂಡಿ ಒಂದಾಗಿವೆ. ಮೀಸೆ ತುಟಿ ದಾಟಿ ಗಲ್ಲಕ್ಕಿಳಿಯುವ ಹವಣಿಕೆಯಲ್ಲಿದೆ. ಇಂಥ ಮುಖ ಇಟ್ಟುಕೊಂಡು ಮನುಷ್ಯ ಪೊಲೀಸ್ ಆಗಬಹುದು, ನಾಟಕದಲ್ಲಿ ರಾಕ್ಷಸನಾಗಬಹುದು. ನಮ್ಮ ಭಾವ ಆರಿಸಿಕೊಂಡದ್ದು ಏನು ಗೊತ್ತೆ? ಹಸುಗೂಸುಗಳ ಫೋಟೋ ತೆಗೆಯುವ ಕೆಲಸ!

ತೊಂಬತ್ತರ ದಶಕದ ಮಾತು. ಜೆ.ಪಿ. ನಗರದಲ್ಲಿ ಒಂದು ಕಾಂಡಿಮೆಂಟ್ಸ್ ಅಂಗಡಿಯ ಮಹಡಿಯ ಮೇಲೆ ಅವರ ಸ್ಟುಡಿಯೋ. ಮೊದಲು ಮದುವೆ, ಪಾಸ್‌ಪೋರ್ಟ್ ಸೈಜು ಎಂದು ನೆಮ್ಮದಿಯಾಗಿಯೇ ಇದ್ದರು. ಆದರೆ ನಮ್ಮಕ್ಕನನ್ನು ಮದುವೆಯಾಗಿ ವರ್ಷಗಳು ಕಳೆದರೂ ಮಕ್ಕಳಾಗಲಿಲ್ಲ. ಹೋಗದ ದೇವಸ್ಥಾನವಿಲ್ಲ, ಹೊರದ ಹರಕೆಯಿಲ್ಲ. ಕೊನೆಗೆ ನಮ್ಮಮ್ಮ, "ಮಕ್ಕಳು ಬಂದು ಹೋಗೋ ಜಾಗಕ್ಕೆ ಮಕ್ಕಳು ಬರ್ತವಂತೆ" ಎಂದು ಯಾರ ಬಾಯಲ್ಲೋ ಕೇಳಿಕೊಂಡು ಬಂದಳು. ಮಾರನೆಯ ವಾರವೇ ಭಾವ ಸ್ಟುಡಿಯೋದ ಬೋರ್ಡು ಬದಲಾಯಿಸಿದರು. ನಾನಾಗ ಅವರ ಮನೆಯಲ್ಲಿದ್ದುಕೊಂಡು ಜಯನಗರದಲ್ಲಿ ಕಾಲೇಜಿಗೆ ಹೋಗುತ್ತಿದ್ದೆ. ಬಿಡುವಿದ್ದಾಗ ಗಿಲಕಿ ಅಲ್ಲಾಡಿಸುವ ಕೆಲಸ ನನ್ನದಾಯಿತು.

ಮಕ್ಕಳು ಬಂದವು. ಭಾವನ ಮುಖ ನೋಡಿದವು. ಅತ್ತವು.

"ಊರ ಮಕ್ಕಳೇ ನನ್ನ ಮುಖ ನೋಡಕ್ಕೆ ಒಪ್ಪಲ್ಲ, ಇನ್ನು ನನ್ನ ಮನೇಗೆ ಯಾವ ಮಗು ಬರುತ್ತೆ ಹೇಳು" ಎಂದು ಊಟಕ್ಕೆ ಕೂತು ಭಾವ ನಿಟ್ಟುಸಿರು ಬಿಡುತ್ತಿದ್ದರು.

"ಸಾರು ಆರ್ತಿದೆ, ಊಟ ಮಾಡಿ" ಎನ್ನುತ್ತಿದ್ದಳು ಅಕ್ಕ. ಅವಳ ಮುಖವೂ ಬಾಡಿರುತ್ತಿತ್ತು.

ಒಮ್ಮೆ ಬಿ.ಟಿ.ಎಂ.ನಲ್ಲಿ ಬಾಡಿಗೆಗಿದ್ದ ಬಾಗಲಕೋಟೆ ಕಡೆಯವರ ಮನೆಯಲ್ಲಿ ನಾಮಕರಣ. ಮಗು ತೊಟ್ಟಿಲಲ್ಲಿ ಸುಖವಾಗಿ ಮಲಗಿತ್ತು. ಭಾವ ಬಗ್ಗಿದರು. ಅದು ಕಣ್ಣು ಬಿಟ್ಟಿತು. ಆಮೇಲೆ ಇಟ್ಟ ಹೆಸರು ಬಂದವರಲ್ಲಿ ಒಬ್ಬರಿಗೂ ಕೇಳಿಸಲಿಲ್ಲ! ಮಗುವಿನ ಅಜ್ಜಿ ಉಪ್ಪು ಮೆಣಸಿನಕಾಯಿ ಹಿಡಿದು ಬಂದರು.

"ಕೂಸಿಗೆ ಭಾಳ ಜೋರ ದೃಷ್ಟಿ ಆಗೇದ. ನೀವು ಸ್ವಲ್ಪ ಆ ಕಡೆ ಸರೀರಿ."

ಭಾವ ಸರಿಯಲಿಲ್ಲ. ಕ್ಯಾಮೆರಾ ಕೆಳಗಿಟ್ಟು ತಲೆ ಬಗ್ಗಿಸಿದರು. "ಅಜ್ಜಿ, ಹಂಗೇ ನನಗೂ ಒಂದ್ ಸುತ್ತು ತೆಗ್ದುಬಿಡಿ. ದೃಷ್ಟಿ ಆಗಿರೋದು ನನಗೇ."

ಅಜ್ಜಿ ಇಬ್ಬರಿಗೂ ಸೇರಿಸಿ ನಿವಾಳಿಸಿದರು. ದೃಷ್ಟಿಯಾಗಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲವಂತೆ. ಸಾಂಬ್ರಾಣಿಯ ಕೆಂಡಕ್ಕೆ ಅದು ಬಿದ್ದದ್ದೇ ತಡ, ಮನೆಮಂದಿಯೆಲ್ಲ ಕೆಮ್ಮುತ್ತಾ ಬೀದಿಗೆ ಓಡಿದರು. ಅಂದರೆ ತಪ್ಪು ದೃಷ್ಟಿಯದಲ್ಲ, ಮುಖದ್ದೇ ಎಂದು ರುಜುವಾತಾಯಿತು.

ಸರಿ, ಮೀಸೆ ತೆಗೆಸಿದರು. ಸಂಜೆ ಮನೆಗೆ ಬಂದಾಗ ಅಕ್ಕ ಬಾಗಿಲ ಸಂದಿಯಿಂದಲೇ "ಯಾರು ಬೇಕಾಗಿತ್ತು?" ಎಂದಳು. ಮಾರನೆಯ ದಿನ ಅರೆಕೆರೆಯಿಂದ ಬಂದ ಅವಳಿ ಮಕ್ಕಳು ಪೈಪೋಟಿಯ ಮೇಲೆ ಅತ್ತವು. "ಮೀಸೆ ಇದ್ದಾಗ ಅರ್ಧ ಮುಖ ಆದ್ರೂ ಮುಚ್ಚಿರ್ತಿತ್ತು ಕಣ್ರೀ" ಎಂದಳು ಅಕ್ಕ. ಮತ್ತೆ ಮೀಸೆ ಬಿಟ್ಟರು.

ಸೀರೆಯ ವಾಸನೆಗೆ ಮಕ್ಕಳು ಸುಮ್ಮನಾಗುತ್ತವೆಂದು ಯಾರೋ ಹೇಳಿದ್ದಕ್ಕೆ, ಅಕ್ಕನ ಹಳೆಯ ಸೀರೆಯನ್ನು ತಲೆತುಂಬ ಹೊದ್ದು ಕ್ಯಾಮೆರಾದ ಹಿಂದೆ ನಿಂತರು. ಆ ಹೊತ್ತಿಗೇ ಸರಿಯಾಗಿ ಕಟ್ಟಡದ ಮಾಲೀಕರಾದ ಗೌಡರು ಮೆಟ್ಟಿಲು ಹತ್ತಿ ಬರಬೇಕೆ! ಕಟ್ಟಡವೆದ್ದ ಜಾಗದಲ್ಲಿ ಹಿಂದೆ ರಾಗಿ ಬೆಳೆದವರು ಅವರು, ಸುಲಭಕ್ಕೆ ಬೆದರುವವರಲ್ಲ. ಸೆರಗಿನೊಳಗಿನ ಮೀಸೆಯನ್ನು ಒಂದು ಗಳಿಗೆ ನೋಡಿದರು. "ಮನೇಲಿ ಎಲ್ಲಾ ಸರಿಯಾಗೈತಾ ಸಾರ್?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಇಳಿದುಹೋದರು.

ಇಷ್ಟರಲ್ಲಿ ಅಕ್ಕ ಬಸುರಾದಳು. ಅಮ್ಮ ಕಂಡ ದೇವರಿಗೆಲ್ಲ ಕೈಮುಗಿದಳು. ಸೀಮಂತದ ದಿನ ಮೊಗ್ಗಿನ ಜಡೆ ಕಾಣುವಂತೆ ಅಕ್ಕನನ್ನು ಕನ್ನಡಿಯ ಮುಂದೆ ಕೂರಿಸಿ ಭಾವನೇ ಫೋಟೋ ತೆಗೆದರು. ಬಂದವರೆಲ್ಲ ಹೋದ ಮೇಲೆ ನೋಡುತ್ತೇನೆ, ಅದೇ ಕನ್ನಡಿಯ ಮುಂದೆ ನಿಂತು ನಗುವುದನ್ನು ಅಭ್ಯಾಸ ಮಾಡುತ್ತಿದ್ದಾರೆ. ನಕ್ಕ ಮುಖ ಇನ್ನೂ ಭಯಂಕರವಾಗಿತ್ತು.

"ನಗ್ಬೇಡಿ" ಎಂದಳು ಅಕ್ಕ. "ಹೀಗೇ ಇರಿ. ಅದಕ್ಕೆ ಅಪ್ಪ ಯಾರು ಅಂತ ಗೊತ್ತಾಗ್ಬೇಕಲ್ಲ."

"ಅತ್ರೆ?"

"ಅಳುತ್ತೆ. ಎತ್ಕೊಂಡ್ರಾಯ್ತು."

ವಿಲ್ಸನ್ ಗಾರ್ಡನ್ನಿನ ಒಂದು ನರ್ಸಿಂಗ್ ಹೋಮಿನಲ್ಲಿ, ಬೆಳಗಿನ ಹೊತ್ತು, ಹೆರಿಗೆಯಾಯಿತು. ಹೆಣ್ಣು ಮಗು. ಅದು ಅಳಲಿಲ್ಲ. ಡಾಕ್ಟರು ಬೆನ್ನು ಉಜ್ಜಿದರು, ಅಂಗಾಲು ತಟ್ಟಿದರು, ಉಸಿರು ಕೊಟ್ಟರು. ಬಾಗಿಲಾಚೆ ನಿಂತಿದ್ದ ನಮಗೆ ಬೇಕಾಗಿದ್ದ ಒಂದೇ ಒಂದು ಸದ್ದು ಬರಲಿಲ್ಲ. ಆಗ ನಮ್ಮಮ್ಮ ಹೊರಬಂದ ನರ್ಸಿನ ಕೈ ಹಿಡಿದುಕೊಂಡಳು.

"ನಮ್ಮ ಅಳಿಯಂದಿರನ್ನ ಒಳಗೆ ಬಿಡಿ ಸಿಸ್ಟರ್. ಇವರ ಮುಖ ನೋಡಿದ್ರೆ ಎಂಥ ಮಗೂನೂ ಅಳುತ್ತೆ."

ಯಾರೂ ನಗಲಿಲ್ಲ. ಅಮ್ಮ ತಮಾಷೆಗೆ ಹೇಳಿರಲಿಲ್ಲ. ಭಾವ ಅದನ್ನು ನಂಬಿದರು, ನಾನೂ ನಂಬಿದೆ. ಅವರು ಒಳಗೆ ಓಡಿದರು. ತೆರೆದ ಬಾಗಿಲಿನಿಂದ ನನಗೆ ಕಾಣುತ್ತಿತ್ತು. ಅಷ್ಟು ವರ್ಷ ಸೀರೆಯಲ್ಲಿ, ಕ್ಯಾಮೆರಾದ ಹಿಂದೆ ಬಚ್ಚಿಟ್ಟ ಮುಖವನ್ನು ಪೂರ್ತಿ ಬಗ್ಗಿಸಿ, "ಪುಟ್ಟಿ, ಇಲ್ನೋಡು, ನಾನು. ಅಳಮ್ಮ. ಒಂದ್ಸಲ ಅಳು" ಎಂದರು. ಮತ್ತೆ ಮತ್ತೆ ಎಂದರು. ಮಗು ಕಣ್ಣನ್ನೇ ಬಿಡಲಿಲ್ಲ.

ಭಾವ ಆ ಬೋರ್ಡನ್ನು ಇಳಿಸಿಬಿಡುತ್ತಾರೆ ಎಂದುಕೊಂಡಿದ್ದೆವು. ಇಳಿಸಲಿಲ್ಲ. ಅಕ್ಕನಿಗೆ ಮತ್ತೆ ಮಕ್ಕಳಾಗಲಿಲ್ಲ.

ಕೆಲವು ವರ್ಷಗಳ ಮೇಲೆ ನನಗೆ ಮಗ ಹುಟ್ಟಿದ. ಅವನನ್ನು ಆ ಮನೆಗೆ ಕರೆದುಕೊಂಡು ಹೋಗುವುದನ್ನು ಏನೇನೋ ನೆಪ ಹೇಳಿ ಮುಂದೂಡುತ್ತಾ ಬಂದು, ಕೊನೆಗೊಂದು ದಿನ ಹೋದೆ. ಭಾವನೇ ಬಾಗಿಲಿಗೆ ಬಂದು ಕೈಚಾಚಿ ಎತ್ತಿಕೊಂಡರು. ಅವನು ಆ ಮುಖ ನೋಡಿದವನೇ ಬೀದಿಗೆಲ್ಲ ಕೇಳುವಂತೆ ಕಿರುಚಿದ.

"ಭಾವ, ಕೊಡಿ, ನಾನು ಎತ್ಕೋತೀನಿ" ಎಂದು ಗಾಬರಿಯಿಂದ ಕೈ ನೀಡಿದೆ.

"ಇರ್ಲಿ ಬಿಡಮ್ಮ, ಅಳಲಿ" ಎಂದು ಅವನನ್ನು ಎದೆಗೆ ಅವುಚಿಕೊಂಡರು. "ಎಷ್ಟು ಚೆನ್ನಾಗಿ ಅಳ್ತಾನೆ ನೋಡು."

ಅಕ್ಕ ಅಡುಗೆಮನೆಯಿಂದ ಬಂದು ಅವರ ಪಕ್ಕದಲ್ಲಿ ನಿಂತಳು. ಮಗನನ್ನು ಸಮಾಧಾನ ಮಾಡಲು ಅವಳೂ ಹೋಗಲಿಲ್ಲ. ಅವನು ಅಳುತ್ತಲೇ ಇದ್ದ, ಅವರಿಬ್ಬರೂ ಕೇಳುತ್ತಾ ನಿಂತಿದ್ದರು.